ಮತ್ತೆ ಕ್ಲಚ್ ತುಳಿಯತೊಡಗಿದ ಕಾಲು

ಹದಿನಾಲ್ಕು ತಿಂಗಳು ಎಎಂಟಿ ಕಾರು (ಕ್ಲಚ್ ಪೆಡಲ್ ಇಲ್ಲದ, ಗೇರ್ ತಾನಾಗಿಯೇ ಬದಲಾಗುವ ಒಂದು ಬಗೆಯ ಆಟೊಮ್ಯಾಟಿಕ್) ಓಡಿಸಿ, ಅದನ್ನು ಮಾರಿ, ಗೇರ್ ಹಾಕುವ ಕಾರಿಗೇ ಮರಳಿದವನು ಬರೆಯುತ್ತಿರುವ ಹೋಲಿಕೆ ಇದಾದ್ದರಿಂದ ನನ್ನ ಒಲವು ಯಾವ ಕಡೆಗೆಂದು ಮುಚ್ಚಿಡುವುದಿಲ್ಲ.

ಆಟೊಮ್ಯಾಟಿಕ್ ಕೊಳ್ಳಲು ಕಾರಣವಾದದ್ದು ಪುಣೆಯ ಸಿಂಹಗಡ ರಸ್ತೆ. ಸಂಜೆ ಮನೆ ಸೇರುವಷ್ಟರಲ್ಲಿ ಕ್ಲಚ್ ತುಳಿದು ತುಳಿದು ಎಡ ಮೊಣಕಾಲು ನೋಯುತ್ತಿತ್ತು. ಟಾರ್ಕ್ ಕನ್ವರ್ಟರ್ ಎಂಬ ದುಬಾರಿ ಬಗೆಯ ಆಟೊಮ್ಯಾಟಿಕ್ ಇರುವ ಕಾರು ನನ್ನ ಕೈಗೆ ಎಟುಕುವಂತಿರಲಿಲ್ಲ. ಗೇರ್ ಹಾಕುವ ಕಾರಿಗಿಂತ ಸುಮಾರು 50,000 ರೂಪಾಯಿ ಹೆಚ್ಚಿಗೆ ಕೊಟ್ಟು ಎಎಂಟಿ ತಂದೆ. ಟ್ರಾಫಿಕ್ಕಿನ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ. ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ತೊಂದರೆ ಎದುರಾದದ್ದು ನಮ್ಮ ಸೊಸೈಟಿಯ ಬೇಸ್‌ಮೆಂಟಿನಿಂದ ಮೇಲೆ ಬರುವ ಏರಿನಲ್ಲಿ. ಗೇಟು ಇರುವುದು ಏರಿನ ತುದಿಯಲ್ಲಿ. ಮುಂದಿನ ಕಾರು ನಿಂತರೆ ಹಿಂದಿನವರೆಲ್ಲ ಏರಿನಲ್ಲಿಯೇ ನಿಲ್ಲಬೇಕು. ಎಎಂಟಿ ಎಂಬುದು ಬೇರೆ ಬಗೆಯ ಗೇರ್‌ಬಾಕ್ಸೇನೂ ಅಲ್ಲ. ಅದೇ ಮ್ಯಾನ್ಯುವಲ್ ಗೇರ್‌ಬಾಕ್ಸನ್ನೂ ಅದೇ ಕ್ಲಚ್ಚನ್ನೂ ಚಾಲಕನ ಕೈಕಾಲಿನ ಬದಲು ಕಂಪ್ಯೂಟರಿನ ಅಪ್ಪಣೆಯಂತೆ ಆಕ್ಚುಯೇಟರುಗಳೆಂಬ ಚಾಲನಾ ಸಾಧನಗಳು ನಡೆಸುತ್ತವೆ, ಅಷ್ಟೇ. ನಾನು ಬ್ರೇಕಿನಿಂದ ಕಾಲೆತ್ತಿ ಆಕ್ಸಿಲರೇಟರ್ ಒತ್ತಿ, ಅದು ಕ್ಲಚ್ ಹಿಡಿಸುವಷ್ಟರಲ್ಲಿ ಕಾರು ಎರಡು ಅಡಿ ಹಿಂದಕ್ಕೆ ಜಾರಿರುತ್ತಿತ್ತು. ಬ್ರೇಕ್ ಬಿಟ್ಟ ಮೇಲೂ ಕಾರನ್ನು ಏರಿನಲ್ಲಿ ಕೆಲವು ಕ್ಷಣ ಹಿಡಿದಿಡುವ ಹಿಲ್ ಹೋಲ್ಡ್ ಸೌಲಭ್ಯ ನನ್ನ ಕಾರಿನಲ್ಲಿ ಇರಲಿಲ್ಲ. ಒಂದು ಬೆಳಿಗ್ಗೆ ವಾಚ್‌ಮನ್ ಮರಾಠಿಯಲ್ಲಿ ‘ಥಾಂಬಾ, ಥಾಂಬಾ’ (ನಿಲ್ಲಿ, ನಿಲ್ಲಿ) ಎಂದು ಕೂಗುತ್ತ ಓಡಿ ಬಂದಾಗ, ಹಿಂದಿದ್ದ ಸ್ಕೂಟರಿಗೂ ನನ್ನ ಬಂಪರಿಗೂ ನಡುವೆ ಒಂದು ಗೇಣು ಮಾತ್ರ ಉಳಿದಿತ್ತು.

ಅಂದಿನಿಂದ ಬ್ರೇಕ್ ಹಿಡಿಯದೆ, ಆಕ್ಸಿಲರೇಟರನ್ನೇ ಅರೆಬರೆ ಒತ್ತಿ ಕಾರನ್ನು ಏರಿನಲ್ಲಿ ತಡೆದು ನಿಲ್ಲಿಸತೊಡಗಿದೆ. ಅದು ಇನ್ನೂ ದೊಡ್ಡ ತಪ್ಪು. ಅರ್ಧ ಹಿಡಿದ ಕ್ಲಚ್ ಜಾರುತ್ತ ಜಾರುತ್ತ ಕಾದು, ವಾರದೊಳಗೆ ಸುಟ್ಟ ವಾಸನೆ ಕಾರಿನೊಳಕ್ಕೂ ಬಂತು. ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಒತ್ತಿ, ಕಾರು ಮುಂದಕ್ಕೆ ಎಳೆಯುವುದು ಗೊತ್ತಾದ ಮೇಲೆ ಹ್ಯಾಂಡ್‌ಬ್ರೇಕ್ ಬಿಡಬೇಕೆಂದು ಗ್ಯಾರೇಜಿನವರು ತೋರಿಸಿಕೊಟ್ಟರು. ಮೂವತ್ತು ವರ್ಷಗಳ ಹಿಂದೆ ಧಾರವಾಡದಲ್ಲಿ ಡ್ರೈವಿಂಗ್ ಕಲಿಯುವಾಗ ನನಗೆ ಕಲಿಸಿದ್ದೂ ಇದನ್ನೇ! ಮ್ಯಾನ್ಯುವಲ್ ಕಾರಿನಲ್ಲಾದರೆ ಕ್ಲಚ್ ಹಿಡಿಯುವ ಜಾಗ ಎಡಗಾಲಿಗೆ ತಾನಾಗಿಯೇ ತಿಳಿಯುತ್ತದೆ. ಎಎಂಟಿಯಲ್ಲಿ ಆ ಕಾಲಿಗೆ ಕೆಲಸವೇ ಇಲ್ಲ.

ಊರಿಗೆ ಹೋಗುವಾಗ ಪುಣೆ–ಸಾತಾರಾ ದಾರಿಯ ಖಂಬಾಟಕಿ ಘಾಟಿನಲ್ಲಿ ಲಾರಿಗಳನ್ನು ಹಿಂದೆ ಹಾಕಲು ಆ ಎಎಂಟಿಯಲ್ಲೂ ಗೇರನ್ನು ನಾನೇ ಇಳಿಸಿಕೊಳ್ಳಬೇಕಾಯಿತು ಎಂಬುದನ್ನೂ ಸೇರಿಸುತ್ತೇನೆ.

ಬಸ್ಸಿನ ಮಾತು ಬೇರೆ. ಹಳೆಯ ಸಿಟಿ ಬಸ್ಸಿನಲ್ಲಿ ಎರಡನೇ ಗೇರ್ ಬೀಳುವಾಗ ನಿಂತವರೆಲ್ಲ ಒಟ್ಟಿಗೆ ಮುಗ್ಗರಿಸುತ್ತೇವೆ. ಪುಣೆಯಲ್ಲಿ 2019ರಿಂದ ಓಡುತ್ತಿರುವ ಎಲೆಕ್ಟ್ರಿಕ್ ಬಸ್ಸುಗಳ ಚಾಲಕರಿಗೆ ಕ್ಲಚ್ಚಿನ ಗೊಡವೆಯಿಲ್ಲ. ಮೋಟಾರು ನಿಂತಲ್ಲಿಂದಲೇ ಪೂರ್ತಿ ಟಾರ್ಕ್ (ತಿರುಗಿಸುವ ಬಲ) ಕೊಡುವುದರಿಂದ ಅದರ ಅಗತ್ಯವೂ ಇಲ್ಲ. ದಿನವಿಡೀ ಬಸ್ಸಿನ ಕ್ಲಚ್ ತುಳಿಯುವವರ ಕಾಲನ್ನು ನೆನೆದರೆ, ಅವರಿಗೆ ಇಂಥ ಬಸ್ಸೇ ಇರಲಿ ಎನ್ನುತ್ತೇನೆ.

ನನ್ನ ಮೊಣಕಾಲು ಈಗ ಮತ್ತೆ ನೋಯುತ್ತಿದೆ. ಅದಕ್ಕಾಗಿ ವಾರದಲ್ಲಿ ಎರಡು ದಿನ ಕಾರನ್ನು ಬೇಸ್‌ಮೆಂಟಿನಲ್ಲಿಯೇ ಬಿಟ್ಟು, ಆ ಬಸ್ಸಿನಲ್ಲಿ ಆಫೀಸಿಗೆ ಹೋಗುತ್ತೇನೆ.