ಮಡಿಕೇರಿಯಿಂದ ಕಳುಹಿಸಿದ ಲೇಖನ: ಪ್ರಾದೇಶಿಕ ವೈದ್ಯಕೀಯ ಜರ್ನಲ್ ಒಂದರ ವಿಮರ್ಶೆ

ದಕ್ಷಿಣ ಕರ್ನಾಟಕದ ವೈದ್ಯರ ಸಂಘವೊಂದು ನಡೆಸುವ ತ್ರೈಮಾಸಿಕ ಜರ್ನಲ್‌ಗೆ ಮಡಿಕೇರಿಯಿಂದ ನಾವು ಕೆಲವು ಸಹೋದ್ಯೋಗಿಗಳು ಲೇಖನವೊಂದನ್ನು ಕಳುಹಿಸಿದ್ದೆವು. ಅದು ಈಗ ಅಚ್ಚಾಗಿದೆ. ಜರ್ನಲ್‌ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಸಂಬಳವಿಲ್ಲದೆ ದುಡಿಯುವ ಸಂಪಾದಕರನ್ನು ದೂರುವುದು ನನ್ನ ಉದ್ದೇಶವಲ್ಲ. ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಇಂಥ ಬೇರೆ ಜರ್ನಲ್‌ಗಳಲ್ಲೂ ಕಾಣುವಂಥವು. ಲೇಖನವನ್ನು ಓದಿ, ಪ್ರಶ್ನಿಸಿ, ತಿದ್ದಿಸುವ ಕೆಲಸದಲ್ಲಿ ಇದು ಹೆಸರುವಾಸಿ ಜರ್ನಲ್‌ಗಳಿಗೇನೂ ಕಡಿಮೆಯಿಲ್ಲ. ಆದರೆ ಅಚ್ಚಾದದ್ದನ್ನು ದೂರದ ಓದುಗರಿಗೆ ಸಿಗುವಂತೆ ಇಡುವ ಕೆಲಸದಲ್ಲಿ ಇದು ಬಹಳ ಹಿಂದೆ ಬಿದ್ದಿದೆ.

ನಮ್ಮ ಲೇಖನ ಕಾಫಿ ತೋಟದ ಕಾರ್ಮಿಕರಲ್ಲಿ ಕಂಡ ಹಾವು ಕಡಿತದ ಬಗೆಗಿನದು. ನಮ್ಮ ದೇಶದಲ್ಲಿ ಬಳಸುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆಂದು ತಯಾರಿಸಲಾಗುತ್ತದೆ. ಪಶ್ಚಿಮ ಘಟ್ಟದ ತರಗೆಲೆಗಳ ನಡುವೆ ಇರುವ, ಮೂತಿ ಮೇಲಕ್ಕೆ ಬಾಗಿದ ಸಣ್ಣ ಗುಳಿಮಂಡಲದ ವಿಷಕ್ಕೆ ಅದು ತಕ್ಕ ಮದ್ದಲ್ಲ. ಈ ಹಾವು ಕಡಿದವರಲ್ಲಿ ಕೆಲವರಿಗೆ ರಕ್ತ ಹೆಪ್ಪುಗಟ್ಟದೆ ಹೋಗುವುದೂ ಮೂತ್ರಪಿಂಡಕ್ಕೆ ಪೆಟ್ಟಾಗುವುದೂ ಕೇರಳ ಮತ್ತು ಶ್ರೀಲಂಕಾದ ವೈದ್ಯರು ಹಿಂದೆಯೇ ಬರೆದಿರುವ ಸಂಗತಿ. ರಾಷ್ಟ್ರಮಟ್ಟದ ಜರ್ನಲ್ ಒಂದು ಈ ಲೇಖನವನ್ನು ಪರಿಶೀಲಕರಿಗೆ ಕಳುಹಿಸದೆಯೇ, ವಿಷಯ ಕೇವಲ ಸ್ಥಳೀಯವಾದುದೆಂದು ಹಿಂತಿರುಗಿಸಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಉಪೇಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದೆ, ಕರ್ನಾಟಕ ಸರ್ಕಾರ 2024ರಲ್ಲಿ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದೆ. ಹೀಗಿರುವಾಗ ಇದು ಎಷ್ಟರಮಟ್ಟಿಗೆ ಸ್ಥಳೀಯ ವಿಷಯವೆಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಪ್ರಾದೇಶಿಕ ಜರ್ನಲ್‌ನ ಇಬ್ಬರು ಪರಿಶೀಲಕರಲ್ಲಿ ಒಬ್ಬರ ಟಿಪ್ಪಣಿ ಸಾಧಾರಣವಾಗಿತ್ತು. ಭಾಷೆ ತಿದ್ದಿ, ಉಲ್ಲೇಖಗಳನ್ನು ಹೊಸದಾಗಿಸಿ ಎಂಬಷ್ಟೇ. ಇನ್ನೊಬ್ಬರು ಮಾತ್ರ ತೋಟದ ನಾಡಿನಲ್ಲಿ ಕೆಲಸ ಮಾಡಿದವರೇ ಇರಬೇಕು. ಹಾವನ್ನು ಗುರುತಿಸಿದವರು ಯಾರು, ರೋಗಿಯ ಕಡೆಯವರು ಕೊಂದು ತಂದ ಹಾವನ್ನು ನೋಡಿಯೇ, ಮೊಬೈಲ್ ಚಿತ್ರ ನೋಡಿಯೇ ಅಥವಾ ಬರೀ ವರ್ಣನೆ ಕೇಳಿಯೇ ಎಂದು ಅವರು ಪ್ರತಿ ರೋಗಿಯ ವಿಷಯದಲ್ಲೂ ಬೇರೆಬೇರೆಯಾಗಿ ಕೇಳಿದರು. ವಿಷದಿಂದ ರಕ್ತ ಕೆಟ್ಟಿದೆಯೇ ಎಂದು ತಿಳಿಯಲು ಮಾಡುವ ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಬಳಸಿದ ಗಾಜಿನ ನಳಿಕೆ ಹೊಸದೋ ತೊಳೆದದ್ದೋ ಎಂಬುದು ಅವರ ಮತ್ತೊಂದು ಪ್ರಶ್ನೆ. ಸೋಪಿನ ಪುಡಿಯಿಂದ ತೊಳೆದ ಗಾಜಿನಲ್ಲಿಯೂ ಪ್ಲಾಸ್ಟಿಕ್ ನಳಿಕೆಯಲ್ಲಿಯೂ ಆರೋಗ್ಯವಂತರ ರಕ್ತ ಕೂಡ ಸರಿಯಾಗಿ ಹೆಪ್ಪುಗಟ್ಟದೆ ಇರಬಹುದಾದ್ದರಿಂದ, ಈ ಒಂದು ವಿವರವಿಲ್ಲದೆ ಇಡೀ ಕೋಷ್ಟಕಕ್ಕೆ ಬೆಲೆಯಿಲ್ಲ ಎಂಬುದು ಅವರ ಪಟ್ಟು. ನಾವು ಬಳಸಿದ್ದು ಹೊಸ ಗಾಜಿನ ನಳಿಕೆಗಳನ್ನೇ. ಅದನ್ನು ವಿಧಾನದ ಭಾಗದಲ್ಲಿ ಸ್ಪಷ್ಟವಾಗಿ ಬರೆದ ಮೇಲೆಯೇ ಅವರು ಒಪ್ಪಿದರು. ಅಂತರರಾಷ್ಟ್ರೀಯ ಜರ್ನಲ್‌ಗಳಿಂದ ನನಗೆ ಬಂದಿರುವ ಪರಿಶೀಲನಾ ಟಿಪ್ಪಣಿಗಳಲ್ಲಿ ಸಂಖ್ಯಾಶಾಸ್ತ್ರದ ಪಾಠ ಬೇಕಾದಷ್ಟಿದೆ, ಆದರೆ ನಳಿಕೆಯ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ.

ರೋಗಿಗಳ ಗುರುತು ಮರೆಮಾಡುವ ವಿಷಯದಲ್ಲೂ ಸಂಪಾದಕರು ತೋರಿದ ಎಚ್ಚರ ಮೆಚ್ಚುವಂಥದು. ಬೆಂಗಳೂರಿನ ರೋಗಿಯೊಬ್ಬರ ವಯಸ್ಸು, ಲಿಂಗ, ಉದ್ಯೋಗ ಬರೆದರೆ ಯಾರಿಗೂ ಗುರುತು ಸಿಗುವುದಿಲ್ಲ. ಕೊಡಗಿನಲ್ಲಿ ಹೋಬಳಿಯ ಹೆಸರಿನ ಜೊತೆಗೆ ಯರವ ಅಥವಾ ಜೇನುಕುರುಬ ಸಮುದಾಯದವರೆಂದು ಬರೆದು, ವಯಸ್ಸನ್ನೂ ಕಡಿತವಾದ ತಿಂಗಳನ್ನೂ ಸೇರಿಸಿದರೆ, ಆ ಹಾಡಿಯವರಿಗೆ ಮಾತ್ರವಲ್ಲ, ತೋಟದ ಲೆಕ್ಕ ಬರೆಯುವ ರೈಟರ್‌ಗೂ ಅದು ಯಾರೆಂದು ತಿಳಿದುಹೋಗುತ್ತದೆ. ಸಂಪಾದಕರು ಹೋಬಳಿಯನ್ನು ತೆಗೆಸಿದರು, ವಯಸ್ಸನ್ನು ಹತ್ತು ವರ್ಷದ ಅಂತರಗಳಲ್ಲಿ ಬರೆಸಿದರು, ಒಪ್ಪಿಗೆ ಪತ್ರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಗಿದೆಯೇ ಎಂದು ಲಿಖಿತವಾಗಿ ಕೇಳಿದರು. ಸಾಂಸ್ಥಿಕ ನೈತಿಕ ಸಮಿತಿಯ ಅನುಮೋದನೆಯ ಸಂಖ್ಯೆಯೊಂದಿಗೆ, ಕೇಂದ್ರ ಸರ್ಕಾರದ 2019ರ ನಿಯಮಗಳ ಪ್ರಕಾರ ಆ ಸಮಿತಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿರುವುದಕ್ಕೆ ದಾಖಲೆಯನ್ನೂ ಕೇಳಿದರು.

ಇನ್ನು ಲೇಖನ ಸಲ್ಲಿಸುವ ತಾಣ. ಅದು ಕೆನಡಾದ ಪಬ್ಲಿಕ್ ನಾಲೆಡ್ಜ್ ಪ್ರಾಜೆಕ್ಟ್ ಸಿದ್ಧಪಡಿಸಿ ಉಚಿತವಾಗಿ ಹಂಚುವ ಓಪನ್ ಜರ್ನಲ್ ಸಿಸ್ಟಮ್ಸ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ನಡೆಯುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟು ಹೋಗಿ ನೆಟ್‌ವರ್ಕ್ ಕೈಕೊಟ್ಟರೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಎಲ್ಲವನ್ನೂ ಬೇರೆ ಕಡತದಲ್ಲಿ ಬರೆದಿಟ್ಟುಕೊಂಡು ಅಂಟಿಸುವುದು ಲೇಸು. ಕರಡಚ್ಚು ತಿದ್ದಲು ಕೊಡುವ ಕಾಲಾವಕಾಶ ಎರಡೇ ದಿನ, ನಮ್ಮ ಕರಡಚ್ಚು ಬಂದದ್ದು ಪುತ್ತರಿ ಸುಗ್ಗಿಹಬ್ಬದ ಹೊತ್ತಿಗೆ. ಕೋಷ್ಟಕಗಳಲ್ಲಿ ದಶಮಾಂಶ ಬಿಂದುಗಳು ಜರುಗಿದ್ದವು, ಎರಡು ಊರುಗಳ ಹೆಸರು ಕೆಟ್ಟಿದ್ದವು.

ಎಲ್ಲಕ್ಕಿಂತ ಹೆಚ್ಚು ತಲೆನೋವು ತಂದದ್ದು ಲೇಖಕರ ಹೆಸರು. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಸ್ವಂತ ಹೆಸರು ಕೊನೆಗೆ. ತಂತ್ರಾಂಶವಾದರೋ ಕೊನೆಯದ್ದೇ ಕುಲನಾಮವೆಂದು ತಿಳಿಯುತ್ತದೆ. ಆ ಲೆಕ್ಕದಲ್ಲಿ ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಲೇಖನ ಬರೆದಿದ್ದರೆ ಉಲ್ಲೇಖಗಳಲ್ಲಿ ಕಾರ್ಯಪ್ಪ ಕೆ. ಎಂ. ಎಂದಾಗಿ, ಮನೆತನ ಒಂದಕ್ಷರಕ್ಕೆ ಇಳಿಯುತ್ತಿತ್ತು. ನಮ್ಮ ಸಹಲೇಖಕರೊಬ್ಬರ ಹೆಸರು ಲೇಖನದ ಮೇಲೆ ಒಂದು ಬಗೆಯಾಗಿ, ಪರಿವಿಡಿಯಲ್ಲಿ ಮತ್ತೊಂದು ಬಗೆಯಾಗಿ ಬಂದಿದೆ. ಹೀಗಾದಾಗ ಹುಡುಕು ಯಂತ್ರಗಳಿಗೆ ಅವರು ಇಬ್ಬರು ವ್ಯಕ್ತಿಗಳು. ಪ್ರತಿ ಸಂಶೋಧಕರಿಗೂ ಒಂದು ಸಂಖ್ಯೆ ಕೊಡುವ ಆರ್ಕಿಡ್ ವ್ಯವಸ್ಥೆ 2012ರಿಂದ ಉಚಿತವಾಗಿ ಇದೆ, ಆದರೆ ಈ ಜರ್ನಲ್ ಅದನ್ನು ಕೇಳುವುದೇ ಇಲ್ಲ.

ಜರ್ನಲ್‌ನ ದೊಡ್ಡ ಕೊರತೆ ಇರುವುದು ಇದೇ ಕಡೆಯಲ್ಲಿ. ಹೊದಿಕೆಯ ಮೇಲೆ ಎಂಟು ಅಂಕಿಗಳ ಐಎಸ್‌ಎಸ್‌ಎನ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಅದು ನಿಯತಕಾಲಿಕವನ್ನು ಗುರುತಿಸುವ ಸಂಖ್ಯೆ ಮಾತ್ರ, ಗುಣಮಟ್ಟದ ಮುದ್ರೆಯಲ್ಲ. ಲೇಖನಗಳಿಗೆ ಶಾಶ್ವತ ಕೊಂಡಿಯಾಗಬೇಕಾದ ಡಿಒಐ ಇಲ್ಲ. ಕ್ರಾಸ್‌ರೆಫ್ ಸಂಸ್ಥೆಯ ಮೂಲಕ ಅದನ್ನು ಪಡೆಯಲು ವಾರ್ಷಿಕ ಸದಸ್ಯತ್ವದ ಜೊತೆಗೆ ಹೊಸ ಲೇಖನವೊಂದಕ್ಕೆ ಒಂದು ಡಾಲರ್ ಸಾಕು. ಡಿಒಎಜೆ ಎಂಬ ಮುಕ್ತ ಜರ್ನಲ್‌ಗಳ ಸೂಚಿಗೆ ಅರ್ಜಿ ಹಾಕಲು ಶುಲ್ಕವೇ ಇಲ್ಲ, ವರ್ಷಕ್ಕೆ ಕನಿಷ್ಠ ಐದು ಸಂಶೋಧನಾ ಲೇಖನ ಬೇಕೆಂಬ ಅದರ ಷರತ್ತನ್ನು ಈ ಜರ್ನಲ್ ಒಂದೇ ಸಂಚಿಕೆಯಲ್ಲಿ ಪೂರೈಸುತ್ತದೆ. ಅಮೆರಿಕದ ವೈದ್ಯಕೀಯ ಲೇಖನಗಳ ಉಚಿತ ಭಂಡಾರವಾದ ಪಬ್‌ಮೆಡ್ ಸೆಂಟ್ರಲ್ ಮಾತ್ರ ಕಷ್ಟದ ಹಾದಿ ಎಂಬುದನ್ನು ಒಪ್ಪುತ್ತೇನೆ. ಅದಕ್ಕೆ ಪೂರ್ಣ ಪಠ್ಯವನ್ನು ಕಂಪ್ಯೂಟರ್ ಓದಬಲ್ಲ ಎಕ್ಸ್‌ಎಂಎಲ್ ರೂಪದಲ್ಲಿ ಕೊಡಬೇಕು, ಆ ಕೆಲಸ ಬಲ್ಲವರಿಗೆ ಹಣ ತೆರಬೇಕು. ಆದರೆ ಹಣವೇ ಇಲ್ಲ ಎಂಬ ಮಾತನ್ನು, ನುಣುಪು ಕಾಗದದಲ್ಲಿ ಬಹುವರ್ಣದಲ್ಲಿ ಅಚ್ಚಾಗಿ, ಅಂಚೆಯಲ್ಲಿ ಅರೆತೊಯ್ದು ಮಡಿಕೇರಿಗೆ ಬರುವ ಸಂಚಿಕೆಯನ್ನು ಕೈಯಲ್ಲಿ ಹಿಡಿದು ನಂಬುವುದು ಕಷ್ಟ. ಮುದ್ರಣದ ಖರ್ಚನ್ನು ಅರ್ಧಕ್ಕಿಳಿಸಿ ಆ ಹಣವನ್ನು ಸೂಚೀಕರಣಕ್ಕೆ ಹಾಕಿದರೆ ನಾಲ್ಕೈದು ವರ್ಷಗಳಲ್ಲಿ ಈ ಜರ್ನಲ್‌ನ ಸ್ಥಾನವೇ ಬೇರೆಯಾಗುತ್ತದೆ. ಸಂಘದ ಹಿರಿಯ ಸದಸ್ಯರಿಗೆ ಅಚ್ಚಿನ ಪ್ರತಿಯ ಮೇಲಿರುವ ಮಮತೆ ಇದಕ್ಕೆ ಅಡ್ಡಿಯೆಂದು ಕೇಳಿದ್ದೇನೆ.

ಬಡ್ತಿಯ ದೃಷ್ಟಿಯಿಂದ ಸೂಚಿಗಳಲ್ಲಿ ಜರ್ನಲ್ ಇಲ್ಲದಿರುವುದು ಸಣ್ಣ ವಿಷಯವಲ್ಲ. ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಲ್ಲಿ ಆರಂಭವಾದ ಮೇಲೆ ಜಿಲ್ಲೆಯಲ್ಲಿ ಬೋಧಕ ವೈದ್ಯರ ಸಂಖ್ಯೆ ಹೆಚ್ಚಿದೆ, ಲೇಖನ ಪ್ರಕಟಿಸಬೇಕಾದ ಒತ್ತಡವೂ ಜೊತೆಗೇ ಬಂದಿದೆ. ಯಾವ ಜರ್ನಲ್‌ಗಳ ಲೇಖನಗಳು ಬಡ್ತಿಗೆ ಲೆಕ್ಕಕ್ಕೆ ಬರುತ್ತವೆಂದು ಹೇಳುವಾಗ ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮಗಳು ಮೆಡ್‌ಲೈನ್, ಪಬ್‌ಮೆಡ್ ಸೆಂಟ್ರಲ್, ಎಂಬೇಸ್, ಸ್ಕೋಪಸ್, ಡಿಒಎಜೆ ಮುಂತಾದ ಸೂಚಿಗಳನ್ನು ಹೆಸರಿಸಿದ್ದವು. 2025ರಲ್ಲಿ ಬೋಧಕರ ಅರ್ಹತೆಗೆ ಹೊಸ ನಿಯಮಗಳು ಬಂದಿವೆ. ಆದ್ದರಿಂದ ಬಡ್ತಿಗೆ ಕಾದಿರುವವರು ಮೊದಲು ತಮ್ಮ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಬೇಕು. ಈಗಿನ ಸ್ಥಿತಿಯಲ್ಲಿ ಅಂಥವರಿಗೆ ಈ ಜರ್ನಲ್ಲನ್ನು ನಾನು ಸೂಚಿಸಲಾರೆ.

ಹಾಗೆಂದು, ಎರಡು ದಿನದಲ್ಲಿ ಒಪ್ಪಿಗೆ ಕೊಟ್ಟು ಮೂರನೆಯ ದಿನ ಹಣ ಕೇಳುವ ಜರ್ನಲ್‌ಗಳ ಕಡೆಗೆ ಅವರು ತಿರುಗಬಾರದು. ದಿನಬೆಳಗಾದರೆ ಮಿಂಚಂಚೆಯಲ್ಲಿ ಗೌರವದ ಮಳೆ ಸುರಿಸುವ ಆ ಜರ್ನಲ್‌ಗಳಲ್ಲಿ ಪರಿಶೀಲನೆ ಎಂಬುದೇ ನಡೆಯುವುದಿಲ್ಲ. ಪ್ರಾದೇಶಿಕ ಜರ್ನಲ್ ಸಂಘದ ಸದಸ್ಯರಿಂದ ಶುಲ್ಕ ಕೇಳುವುದಿಲ್ಲ, ಉಳಿದವರಿಂದ ಪಡೆಯುವ ಶುಲ್ಕವನ್ನು ತಾಣದಲ್ಲಿ ಮೊದಲೇ ತಿಳಿಸಿದೆ. ಲೇಖನ ತಿರಸ್ಕೃತವಾದರೆ ಯಾರೂ ಏನನ್ನೂ ಕೊಡಬೇಕಾಗಿಲ್ಲ.

ಬಡ್ತಿಯ ಗೊಡವೆಯಿಲ್ಲದವರು, ಅದರಲ್ಲೂ ತಾಲ್ಲೂಕು ಆಸ್ಪತ್ರೆಗಳ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಮೆಣಸು ಕೊಯ್ಯುವಾಗಲೋ ನೆರಳಿನ ಮರಗಳ ಕೊಂಬೆ ಸವರುವ ಮರಕಪಾತಿನಲ್ಲೋ ಬಿದ್ದವರ ಬೆನ್ನುಮೂಳೆಯ ಗಾಯಗಳು, ಹೆಜ್ಜೇನು ಕಡಿತ, ಕಾರ್ಮಿಕರ ಲೈನ್ ಮನೆಗಳಲ್ಲಿ ಕಾಣುವ ಇಲಿಜ್ವರ ಇಂಥ ವಿಷಯಗಳನ್ನು ಧಾರಾಳವಾಗಿ ಇಲ್ಲಿಗೆ ಬರೆಯಬಹುದು. ಪ್ರತಿ ಲೇಖನಕ್ಕೂ ಒಂದು ಪುಟದ ಕನ್ನಡ ಸಾರಾಂಶವನ್ನು ಲೇಖಕರೇ ಕೊಡಬೇಕೆಂಬ ನಿಯಮವಿದೆ, ನಮ್ಮದನ್ನು ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಓದಿದರೆಂದು ತಿಳಿಯಿತು. ಲೇಖಕರ ಹೆಸರುಗಳು ಉಲ್ಲೇಖದಲ್ಲಿ ಹೇಗೆ ಬರಬೇಕೆಂಬುದನ್ನು ಲೇಖನದ ಜೊತೆ ಕಳುಹಿಸುವ ಪತ್ರದಲ್ಲೇ ಬರೆದು ಕೊಡುವುದು ಒಳ್ಳೆಯದು, ಮತ್ತು ಅಚ್ಚಾದ ಮೇಲೆ ಪಿಡಿಎಫ್ ಪ್ರತಿಯನ್ನು ತಮ್ಮ ಸಂಸ್ಥೆಯ ಗ್ರಂಥಾಲಯದಲ್ಲೂ ಒಂದು ಇಡಬೇಕು, ಏಕೆಂದರೆ ಜರ್ನಲ್‌ನ ತಾಣದಲ್ಲಿ ಐದು ವರ್ಷಕ್ಕಿಂತ ಹಿಂದಿನ ಸಂಚಿಕೆಗಳು ಈಗ ತೆರೆಯುತ್ತಿಲ್ಲ.