ಹಸಿರು ಓವರ್‌ಡ್ರೈವ್ ಪೆಡಲ್: ಮನೆಯಲ್ಲಿ ಮೂಗಿನ ದನಿ, ಬ್ಯಾಂಡಿನಲ್ಲಿ ಬೇರೆಯೇ ಕಥೆ

ಗಿಟಾರಿಗೂ ಆಂಪ್‌ಗೂ ನಡುವೆ ಕೂತು, ಕಾಲಲ್ಲಿ ಒತ್ತಿದರೆ ದನಿಯನ್ನು ಒಡೆದು ಗರಗರ ಮಾಡುವ ಈ ಪೆಡಲನ್ನು ಮನೆಯಲ್ಲಿ ಒಂಟಿಯಾಗಿ ನುಡಿಸಿ ತೀರ್ಮಾನಕ್ಕೆ ಬಂದರೆ ಒಂದೇ ವಾರದಲ್ಲಿ ಮಾರಿಬಿಡುತ್ತೀರಿ. ಇಬಾನೆಜ್ ಕಂಪನಿಯ ಹೆಸರಾಂತ ಓವರ್‌ಡ್ರೈವ್ ಪೆಡಲ್ ಟ್ಯೂಬ್ ಸ್ಕ್ರೀಮರ್‌ನ ಸರ್ಕ್ಯೂಟನ್ನು ನಕಲು ಮಾಡಿ ಅಗ್ಗಕ್ಕೆ ಮಾರುವ ಹಸಿರು ಡಬ್ಬಿಗಳಲ್ಲಿ ಇದೂ ಒಂದು. ಡ್ರೈವ್ (ಎಷ್ಟು ಒಡೆಯಬೇಕು), ಟೋನ್ (ಎಷ್ಟು ಚುರುಕು), ಲೆವೆಲ್ (ಎಷ್ಟು ಜೋರು) ಅಂತ ಮೂರು ನಾಬ್, ಒಂದು ಸ್ವಿಚ್.  ಎಂಟು ಇಂಚಿನ ಸ್ಪೀಕರ್ ಇರುವ ಪ್ರಾಕ್ಟೀಸ್ ಆಂಪ್‌ಗೆ ಸಿಕ್ಕಿಸಿ ಒತ್ತಿದರೆ ನೆಗಡಿಯಾದವರು ಹಾಡಿದ ಹಾಗೆ ಕೇಳಿಸುತ್ತದೆ. ದಪ್ಪ ತಂತಿಗಳ ತೂಕವೇ ಮಾಯ.

ಇದು ಅಗ್ಗದ ನಕಲಿನ ದೋಷವಲ್ಲ, ಮೂಲ ಸರ್ಕ್ಯೂಟೇ ಹಾಗಿದೆ. ದನಿಯನ್ನು ಹಿಗ್ಗಿಸುವ ಚಿಪ್ಪಿನ (ಆಪ್‌-ಆಂಪ್) ಹಂತದಲ್ಲಿ 4.7 ಕಿಲೋಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿ, ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಗೇನ್ (ಹಿಗ್ಗಿಸುವ ಪ್ರಮಾಣ) ಕಡಿಮೆ ಮಾಡುತ್ತವೆ. ಡಯೋಡುಗಳಲ್ಲಿ ದನಿ ಒಡೆದಾದ ಮೇಲೆ 1 ಕಿಲೋಓಮ್, 0.22 ಮೈಕ್ರೋಫ್ಯಾರಡ್‌ನ ಇನ್ನೊಂದು ಜೋಡಿ ಅದೇ ಆಸುಪಾಸಿನಿಂದ ಮೇಲಕ್ಕೆ ಕತ್ತರಿಸುತ್ತದೆ. ಮಧ್ಯದಲ್ಲಿ ಉಳಿದದ್ದೇ ಆ ಮೂಗಿನ ಗುಡ್ಡ.

ಜ್ಯಾಮ್ ರೂಮಿಗೆ ಒಯ್ದರೆ ಬೈಗುಳವೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್‌ನಲ್ಲಿ ಶುರುವಾಗುತ್ತದೆ, ಬೇಸ್ ಗಿಟಾರಿನದು 41ರಲ್ಲಿ. ಕಿಕ್ ಡ್ರಮ್ಮೂ ಅಲ್ಲೇ ಗುದ್ದುತ್ತಿರುತ್ತದೆ. ಮೇಲ್ಗಡೆ ಸಿಂಬಲ್. ಕೋಣೆಯಲ್ಲಿ ಕೂತು ಬೇಸ್ (ತಗ್ಗಿನ ದನಿ), ಟ್ರೆಬಲ್ (ಮೇಲಿನ ದನಿ) ಏರಿಸಿ, ಮಿಡ್ (ನಡುವಿನ ದನಿ) ಇಳಿಸಿ ಕಟ್ಟಿದ 'ದೊಡ್ಡ' ಟೋನ್ ಇವುಗಳ ನಡುವೆ ಮುಳುಗುತ್ತದೆ. ನುಡಿಸುವವನು ವಾಲ್ಯೂಮ್ ಏರಿಸುತ್ತಾನೆ, ಡ್ರಮ್ಮರ್ ಇನ್ನೂ ಜೋರಾಗಿ ಬಾರಿಸುತ್ತಾನೆ, ಕೇಳುಗರಿಗೆ ಗಲಾಟೆ ಮಾತ್ರ ಸಿಗುತ್ತದೆ. ಈ ಪೆಡಲ್ ಒತ್ತಿದ ಕ್ಷಣ ಮಿಡ್ ಮುಂದೆ ಬಂದು ಸೋಲೋ ಎದ್ದು ನಿಲ್ಲುತ್ತದೆ. ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಇದರ ಮೂಲವಾದ ಟ್ಯೂಬ್ ಸ್ಕ್ರೀಮರನ್ನು ಫೆಂಡರ್ ಆಂಪ್‌ಗಳ ಮುಂದೆ ಇಟ್ಟುಕೊಂಡಿದ್ದು ಸುಮ್ಮನೆ ಅಲ್ಲ. ಆ ಆಂಪ್‌ಗಳ ಟೋನ್ ಸರ್ಕ್ಯೂಟಿನಲ್ಲಿ ಮಿಡ್ ತಗ್ಗಿರುತ್ತದೆ, ಪೆಡಲ್ ಆ ತಗ್ಗನ್ನು ತುಂಬುತ್ತದೆ.

ಹೊಂದಿಸುವ ಕ್ರಮ ಇಷ್ಟು. ಪೆಡಲ್ ಆಫ್ ಇಟ್ಟು, ಜೋರಾಗಿ ಮೀಟಿದಾಗ ಮಾತ್ರ ತುಸು ಒಡೆಯುವ ಮಟ್ಟಕ್ಕೆ ಆಂಪ್ ತನ್ನಿ. ಆಮೇಲೆ ಟೋನ್ ನಡುವೆ, ಡ್ರೈವ್ ಗಡಿಯಾರದ ಒಂಬತ್ತರ ಜಾಗದಲ್ಲಿ. ಆನ್ ಮಾಡಿದಾಗ ಆಫ್‌ಗಿಂತ ಕೊಂಚವೇ ಜೋರಾಗುವ ತನಕ ಲೆವೆಲ್ ಏರಿಸಿ. ಡ್ರೈವ್ ಅಷ್ಟಕ್ಕೇ ಸಾಕು. ಮೀಟಿನ ಹಗುರ-ಭಾರ ಉಳಿಯುವುದೇ ಈ ಸರ್ಕ್ಯೂಟಿನ ಸೊಗಸು, ಯಾಕೆಂದರೆ ಒಡೆದ ದನಿಯ ಜೊತೆ ಮೂಲ ದನಿಯೂ ಹೊರಬರುತ್ತದೆ. ಗಿಟಾರಿನ ವಾಲ್ಯೂಮನ್ನು ಏಳಕ್ಕೆ ಇಳಿಸಿದರೆ ಬಹುಪಾಲು ಕ್ಲೀನ್, ಹತ್ತಕ್ಕೆ ಏರಿಸಿದರೆ ಗರಗರ. ಇಡೀ ಹಾಡನ್ನು ಪೆಡಲ್ ಮುಟ್ಟದೆ ಕಿರುಬೆರಳಿನಲ್ಲೇ ನಡೆಸಬಹುದು.

ಕೊನೆಯ ಹೆಜ್ಜೆಯನ್ನು ಹೆಚ್ಚಿನವರು ಬಿಡುತ್ತಾರೆ: ಆರು ಮೀಟರ್ ಕೇಬಲ್ ಹಾಕಿಕೊಂಡು ಕೇಳುಗರ ಜಾಗಕ್ಕೆ ಹೋಗಿ ನಿಲ್ಲುವುದು. ಸ್ಪೀಕರಿನಿಂದ ಟ್ರೆಬಲ್ ನೆಟ್ಟಗೆ ಮುಂದಕ್ಕೆ ಹೋಗುತ್ತದೆ. ಆಂಪ್ ಮೊಣಕಾಲಿನ ಎತ್ತರದಲ್ಲಿದ್ದರೆ ನುಡಿಸುವವನಿಗೆ ದನಿ ಮಂದ, ಎದುರು ಕೂತವರಿಗೆ ಚೂರಿ. ಆಂಪನ್ನು ಕುರ್ಚಿಯ ಮೇಲಿಟ್ಟು, ಕೇಳುಗರ ಜಾಗದಲ್ಲಿ ಕೇಳಿಸಿದ ದನಿಗೆ ತಕ್ಕಂತೆ ಟೋನ್ ನಾಬ್ ತಿರುಗಿಸಿ.

ಇನ್ನು ಸಿಟ್ಟು ಬರಿಸುವುದು ಸ್ವಿಚ್. ಒಂಬತ್ತು ಕಾಲಿನ ಈ ಮೆಕ್ಯಾನಿಕಲ್ ಫುಟ್‌ಸ್ವಿಚ್ ಸವೆಯುತ್ತಾ ಮೊದಲು ಟಪ್ ಅನ್ನುತ್ತದೆ, ಆಮೇಲೆ ದನಿ ಬಿಟ್ಟುಬಿಟ್ಟು ಬರುತ್ತದೆ, ಕೊನೆಗೆ ಬಲವಾಗಿ ತುಳಿದರೇ ಆನ್. ಬದಲಿಸುವುದು ಕಷ್ಟವಲ್ಲ, ಆದರೆ ಬೆಸುಗೆ ಕಡ್ಡಿಯನ್ನು ಒಂದೊಂದು ಕಾಲಿನ ಮೇಲೂ ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ಇಟ್ಟರೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಹೊಸ ಸ್ವಿಚ್ಚೂ ಹಾಳು. ಆಫ್‌ನಲ್ಲಿ ಈ ಪೆಡಲ್ ಟ್ರೂ ಬೈಪಾಸ್, ಅಂದರೆ ಗಿಟಾರಿನ ದನಿ ಸರ್ಕ್ಯೂಟನ್ನು ಮುಟ್ಟದೆ ನೇರ ಹೊರಗೆ ಹೋಗುತ್ತದೆ. ಆಗ ಮೀಟರಿಗೆ ಅಂದಾಜು 100 ಪಿಕೋಫ್ಯಾರಡ್ ಕೆಪಾಸಿಟನ್ಸ್‌ನಂತೆ ಉದ್ದ ಕೇಬಲ್ ಟ್ರೆಬಲ್ ತಿನ್ನುತ್ತದೆ. ಮೂಲ ಪೆಡಲಿನಲ್ಲಿ ಆಫ್‌ನಲ್ಲೂ ಬಫರ್ (ಮುಂದಿನ ಕೇಬಲ್ಲಿಗೆ ದನಿ ಸೊರಗದಂತೆ ಕಾಯುವ ಸರ್ಕ್ಯೂಟ್) ಇರುವುದರಿಂದ ಈ ಕಾಟ ಕಡಿಮೆ.

ಅಡಾಪ್ಟರ್ 9 ವೋಲ್ಟಿನದು, ನಡುವಿನ ಪಿನ್ ನೆಗೆಟಿವ್ ಇರಬೇಕು. ಡಿಜಿಟಲ್ ಡಿಲೇ (ಪ್ರತಿಧ್ವನಿ ಕೊಡುವ ಪೆಡಲ್) ಜೊತೆ ಒಂದೇ ಅಡಾಪ್ಟರ್ ಹಂಚಿದರೆ ಸಿಳ್ಳೆ ಕೇಳಿಸಬಹುದು. ಬ್ಯಾಟರಿ ಹಾಕಿದ್ದರೆ ನುಡಿಸಿ ಮುಗಿದ ಮೇಲೆ ಇನ್‌ಪುಟ್ ಕೇಬಲ್ ಎಳೆದುಬಿಡಿ. ಅದು ಒಳಗಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತದೆ.

ಮೂಲ ಪೆಡಲಿನ ಹೆಸರಾಂತ ಆಪ್‌-ಆಂಪ್ ಆದ ಜೆಆರ್‌ಸಿ4558 ಚಿಪ್ಪೇ ಬೇಕು ಅಂತ ಹುಡುಕಿ ದುಬಾರಿ ದುಡ್ಡು ಕೊಡುವವರಿದ್ದಾರೆ. ನುಡಿಸುವವನಿಗೆ ಅದರಿಂದ ನೆಮ್ಮದಿ ಸಿಕ್ಕರೆ ಸಂತೋಷ. ಬ್ಯಾಂಡಿನ ನಡುವೆ ಆ ವ್ಯತ್ಯಾಸ ಗುರುತಿಸುವ ಕೇಳುಗ ಸಿಗಲಾರ. ಅದೇ ದುಡ್ಡಿಗೆ ಒಳ್ಳೆಯ ಸ್ವಿಚ್ ಹಾಕಿಸಿ.

ಮನೆಯಲ್ಲಿ ಒಬ್ಬರೇ ನುಡಿಸುವವರಿಗೆ ಇದು ಬೇಡ. ಬ್ಯಾಂಡ್ ಇದ್ದು ಜೇಬು ಸಣ್ಣದಿದ್ದರೆ ಕೊಳ್ಳಿ. ಮೆಟಲ್ ನುಡಿಸುವವರು ಮೊದಲೇ ಒಡೆದಿರುವ ಆಂಪ್‌ನ ಮುಂದೆ ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ ಇಟ್ಟು ನೋಡಿ. ಅಂಗೈ ಒತ್ತಿ ನುಡಿಸುವ ರಿಫ್ (ಮತ್ತೆ ಮತ್ತೆ ಬರುವ ತುಣುಕು) ಬಿಗಿಯಾಗಿ ಬರುತ್ತದೆ.