ಗಾಬಾ ಕ್ಯಾಪ್ಸೂಲ್: ಸರಕು ಸರಿ, ತಲುಪುವುದೇ ಅನುಮಾನ

ನಿದ್ದೆಗೆ, ಆತಂಕಕ್ಕೆ ಎಂದು ಆನ್‌ಲೈನ್‌ನಲ್ಲಿ ಮಾರುವ 500 ಮಿ.ಗ್ರಾಂ ಗಾಬಾ ಕ್ಯಾಪ್ಸೂಲ್‌ಗಳ ವಿಮರ್ಶೆ ಇದು. ಡಬ್ಬಿಯ ಮೇಲಿನ ಮಾತು ಅರ್ಧ ನಿಜ. ಮಿದುಳಿನಲ್ಲಿ ನರಕೋಶಗಳಿಗೆ ಕಡಿವಾಣ ಹಾಕುವ ಮುಖ್ಯ ರಾಸಾಯನಿಕ ಗಾಬಾನೇ. ಆದರೆ ನುಂಗಿದ ಗಾಬಾ ರಕ್ತದಿಂದ ಮಿದುಳಿಗೆ ದಾಟುವುದು ಬಹಳ ಕಡಿಮೆ.

ಮಿದುಳು ತನಗೆ ಬೇಕಾದ ಗಾಬಾವನ್ನು ತಾನೇ ಮಾಡಿಕೊಳ್ಳುತ್ತದೆ. ಕಚ್ಚಾವಸ್ತು ಗ್ಲುಟಮೇಟ್; ಕೋಶಗಳನ್ನು ಕೆರಳಿಸುವ ರಾಸಾಯನಿಕವೂ ಅದೇ, ತಮಾಷೆ ನೋಡಿ. ಅದರಿಂದ ಒಂದು ಕಾರ್ಬಾಕ್ಸಿಲ್ ಗುಂಪು ಕಳಚಿದರೆ ಗಾಬಾ. ಕಳಚುವ ಕಿಣ್ವ ಜಿಎಡಿ, ಎರಡು ಬಗೆ: ಜಿಎಡಿ67 ಕೋಶದ ತುಂಬ ಹರಡಿರುತ್ತದೆ, ಜಿಎಡಿ65 ನರತುದಿಯಲ್ಲಿ, ರಾಸಾಯನಿಕವನ್ನು ಕೂಡಿಟ್ಟು ಹೊರಬಿಡುವ ಸೂಕ್ಷ್ಮ ಚೀಲಗಳಿಗೆ ಅಂಟಿಕೊಂಡೇ ಇರುತ್ತದೆ. ತಯಾರಾದದ್ದು ಹಾಗೇ ಬಿದ್ದಿದ್ದರೆ ಪ್ರಯೋಜನವಿಲ್ಲ, ಚೀಲ ಸೇರಬೇಕು. ಚೀಲದ ಗೋಡೆಯ ಪಂಪು ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಪ್ರೋಟಾನ್‌ಗಳನ್ನು ಒಳಗೆ ತುಂಬುತ್ತದೆ, ಒಳಗೆ ಆಮ್ಲೀಯವಾಗುತ್ತದೆ. ಆ ಬಲದಲ್ಲೇ ವಿಗ್ಯಾಟ್ ಎಂಬ ಪ್ರೋಟೀನು ಗಾಬಾವನ್ನು ಒಳಗೆಳೆಯುತ್ತದೆ. ಕಡಿವಾಣ ಹಾಕುವ ಇನ್ನೊಂದು ರಾಸಾಯನಿಕ ಗ್ಲೈಸೀನ್‌ಗೂ ಇದೇ ಬಾಗಿಲು. ಹಾಗಾಗಿ ಬೆನ್ನುಹುರಿಯಲ್ಲಿ ಎರಡೂ ಒಂದೇ ಚೀಲದಲ್ಲಿ ಸಿಗುವುದುಂಟು.

ಜಿಎಡಿ ಕೆಲಸಕ್ಕೆ ಬಿ6 ಜೀವಸತ್ವದಿಂದ ಬರುವ ಪಿಎಲ್‌ಪಿ ಎಂಬ ಸಹಾಯಕ ಅಣು ಬೇಕೇ ಬೇಕು. ಟಿಬಿಯ ಐಸೋನಿಯಾಜಿಡ್ ಮಾತ್ರೆ ಮಿತಿಮೀರಿ ಒಳಗೆ ಹೋದರೆ ಪಿಎಲ್‌ಪಿ ಕೊರತೆಯಾಗಿ ಗಾಬಾ ತಯಾರಿ ಕುಸಿಯುತ್ತದೆ, ಫಿಟ್ಸ್ ಬರುತ್ತದೆ. ಆಸ್ಪತ್ರೆಯಲ್ಲಿ ಆಗ ಕೊಡುವುದು ಗಾಬಾ ಅಲ್ಲ, ರಕ್ತನಾಳಕ್ಕೆ ಗ್ರಾಂಗಟ್ಟಲೆ ಪಿರಿಡಾಕ್ಸಿನ್, ಅಂದರೆ ಬಿ6.

ಈ ಲೆಕ್ಕಾಚಾರ ಹಿಡಿದೇ ಕೆಲವು ಡಬ್ಬಿಗಳಲ್ಲಿ ಬಿ6 ಬೆರೆಸಿರುತ್ತಾರೆ. ಕೊರತೆ ಇಲ್ಲದವರಿಗೆ ಅದರಿಂದ ಹೆಚ್ಚು ಗಾಬಾ ಸಿಗುತ್ತದೆಂದು ನಂಬಬೇಡಿ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 2 ಮಿ.ಗ್ರಾಂ ಆಸುಪಾಸು. ಲೇಬಲ್‌ನಲ್ಲಿ 50, 100 ಮಿ.ಗ್ರಾಂ ಕಂಡರೆ ಅದನ್ನು ತಿಂಗಳುಗಟ್ಟಲೆ ನುಂಗಬೇಡಿ. ಅತಿಯಾದ ಬಿ6ನಿಂದ ಕೈಕಾಲು ಜೋಮು ಹಿಡಿಯುತ್ತದೆ.

ಅಂಕ: 5ಕ್ಕೆ 1.5. ಅದೂ ಗಾಬಾ ತಾನಾಗಿ ಅಷ್ಟೇನೂ ಅಪಾಯಕಾರಿಯಲ್ಲ ಎಂಬುದಕ್ಕೆ. ಬಿಪಿ ಮಾತ್ರೆ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳಿಯೇ ಮುಟ್ಟಿ, ರಕ್ತದೊತ್ತಡ ಇನ್ನಷ್ಟು ಇಳಿಯಬಹುದು. ಫಿಟ್ಸ್‌ಗೆ, ನರನೋವಿಗೆ ಕೊಡುವ ಗ್ಯಾಬಪೆಂಟಿನ್ ಬರೆದುಕೊಟ್ಟಿದ್ದರೆ ಅದರ ಬದಲು ಇದನ್ನು ಕೊಳ್ಳಲೇಬೇಡಿ. ಹೆಸರು ಹತ್ತಿರವಿದ್ದರೂ ಆ ಔಷಧಿ ಹಿಡಿಯುವುದು ಗಾಬಾ ಗ್ರಾಹಕಗಳನ್ನಲ್ಲ, ಕ್ಯಾಲ್ಸಿಯಂ ಚಾನೆಲ್‌ಗಳನ್ನು.